ಹಳೇ ಡೆಂಗಿ ರಿಪೋರ್ಟ್ ಎಸೆಯಬೇಡಿ

ಮಾನ್ಯರೇ,

ಮೊನ್ನೆ ಹಾಲಿನ ಡೇರಿ ಮುಂದೆ ಪಕ್ಕದ ಮನೆಯಾಕೆ, ‘ನನ್ ಮಗನಿಗೆ ಎರಡು ವರ್ಷದ ಹಿಂದೆನೇ ಡೆಂಗಿ ಬಂದು ಹೋಯ್ತಲ್ಲ ಸಾರ್, ಇನ್ನು ಬರಲ್ಲ ಬಿಡಿ’ ಎಂದರು. ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ನೋಡಿದವನು ನಾನು. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಡೆಂಗಿಯಲ್ಲಿ ನಾಲ್ಕು ಬಗೆ. ಬಂದು ಹೋದ ಬಗೆ ಸಾಮಾನ್ಯವಾಗಿ ಮತ್ತೆ ಕಾಡುವುದಿಲ್ಲ. ಮಿಕ್ಕ ಮೂರರಿಂದ ಕೆಲವು ತಿಂಗಳಷ್ಟೇ ರಕ್ಷಣೆ. ಆಮೇಲೆ, ಮೊದಲ ಜ್ವರದಲ್ಲಿ ವೈರಸ್ ತಡೆಯಲು ದೇಹ ತಯಾರಿಸಿದ್ದ ಹಳೇ ಪ್ರತಿಕಾಯಗಳು ಹೊಸ ಬಗೆಯ ವೈರಸ್ಸಿಗೆ ಅರ್ಧಂಬರ್ಧ ಅಂಟಿಕೊಂಡು, ಅದನ್ನು ಕೊಲ್ಲುವ ಬದಲು ಜೀವಕೋಶದೊಳಕ್ಕೆ ಸೇರಿಸಿಬಿಡಬಹುದು. ಕಾವಲಿಗೆ ಇಟ್ಟವನೇ ಕಳ್ಳನಿಗೆ ಚಿಲಕ ತೆಗೆದ ಹಾಗೆ. ಎರಡನೇ ಸಲ ಎಲ್ಲರಿಗೂ ಜೋರಾಗುತ್ತದೆ ಅಂತಲ್ಲ, ಅಪಾಯ ಮಾತ್ರ ಜಾಸ್ತಿ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತು. 1981ರಲ್ಲಿ ಎರಡನೇ ಬಗೆ ಬಂದಾಗ 158 ಜನ ಸತ್ತರು. 1997ರಲ್ಲಿ ಅಲ್ಲಿನದೇ ಸ್ಯಾಂಟಿಯಾಗೊ ಊರಿಗೆ ಎರಡನೇ ಬಗೆ ಮತ್ತೆ ನುಗ್ಗಿದಾಗ ಮಲಗಿದ್ದು ಮಕ್ಕಳಲ್ಲ, ಇಪ್ಪತ್ತು ವರ್ಷದ ಹಿಂದೆ ಮೊದಲ ಜ್ವರ ಕಂಡಿದ್ದ ದೊಡ್ಡವರು!

ಡೆಂಗಿ, ಮೆದುಳು ಜ್ವರ (ಜಪಾನೀಸ್ ಎನ್ಸೆಫಲೈಟಿಸ್), ವೆಸ್ಟ್ ನೈಲ್, ಝೀಕಾ ವೈರಸ್‌ಗಳೆಲ್ಲಾ ಒಂದೇ ಮನೆತನದವು. ಮುಖಚಹರೆ ಹತ್ತಿರ ಹತ್ತಿರ. ಹಾಗಾಗಿ ದೇಹದ ಜೊತೆ ನಮ್ಮ ಕಾರ್ಡ್ ಟೆಸ್ಟೂ ಏಮಾರುತ್ತದೆ. ನಾನೇ ಏಮಾರಿದ್ದೇನೆ. ಗದ್ದೆ ಬಯಲಿನ ಊರಿಂದ ಬಂದ ಒಂಬತ್ತು ವರ್ಷದ ಹುಡುಗ, ಜ್ವರದ ಐದನೇ ದಿನ. ಐಜಿಎಂ, ಅಂದರೆ ಹೊಸ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ, ಹುಡುಕುವ ಕಾರ್ಡಿನಲ್ಲಿ ಕಂಡೂ ಕಾಣದ ಗುಲಾಬಿ ಗೆರೆ. ‘ಡೆಂಗಿ ಪಾಸಿಟಿವ್’ ಎಂದು ಬರೆದು ಕೊಟ್ಟೆ. ಮಾರನೇ ದಿನ ಅವನಿಗೆ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೆದು ನೋಡಿದರೆ ಮೆದುಳು ಜ್ವರ. ಹುಡುಗ ಉಳಿದುಕೊಂಡ. ಆ ಗೆರೆ ಮಾತ್ರ ಈಗಲೂ ನನ್ನ ಕಣ್ಣ ಮುಂದಿದೆ.

ಲ್ಯಾಬಿನವರಲ್ಲಿ ನನ್ನ ಕೋರಿಕೆ ಇಷ್ಟೇ. ರಿಪೋರ್ಟಿನಲ್ಲಿ ಬರೀ ಪಾಸಿಟಿವ್ ಎಂದು ಗೀಚಬೇಡಿ. ಜ್ವರದ ಎಷ್ಟನೇ ದಿನ, ಎನ್‌ಎಸ್‌1 (ವೈರಸ್ಸಿನದೇ ಪ್ರೋಟೀನ್ ಹುಡುಕುವ) ಟೆಸ್ಟೋ ಐಜಿಎಂ ಟೆಸ್ಟೋ ಬರೆಯಿರಿ. ಐಜಿಎಂ ಆದರೆ ‘ಇದೇ ಜಾತಿಯ ಬೇರೆ ವೈರಸ್ಸಿಗೂ ಗೆರೆ ಬರಬಹುದು’ ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿ. ಜನರೂ ಅದನ್ನು ಜೋಪಾನವಾಗಿಟ್ಟು, ಮುಂದಿನ ಸಲ ಜ್ವರ ಬಂದಾಗ ಡಾಕ್ಟರಿಗೆ ತೋರಿಸಲಿ.

ಪಕ್ಕದ ಮನೆಯಾಕೆ ಮಗನ ಹಳೇ ರಿಪೋರ್ಟ್ ಹುಡುಕಿ ತಂದರು. ಗ್ಯಾಸ್ ಪುಸ್ತಕದ ಒಳಗಿತ್ತಂತೆ. ಪಾಸಿಟಿವ್ ಎಂಬ ಒಂದು ಪದ ಇದೆ. ಯಾವ ಟೆಸ್ಟು ಎಂದಿಲ್ಲ, ತಾರೀಖೂ ಅಳಿಸಿಹೋಗಿದೆ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಮಂಡ್ಯ