ಡೇರೆ ಹೊಳೆಯಂಚಿಗೆ ಬೇಡ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ, ಶಿಬಿರತಾಣಗಳ ಜಾಹೀರಾತುಗಳಲ್ಲಿ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸುತ್ತ ಕಾಡು, ಮುಂದೆ ಹೊಳೆ, ನೀರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಬಣ್ಣದ ಡೇರೆ. ನೋಡಲು ಚೆನ್ನಾಗಿದೆ, ನಿಜ. ಆದರೆ ಆ ಇಡೀ ಚಿತ್ರದಲ್ಲಿ ಡೇರೆ ಹಾಕಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮೊದಲ ಸಲ ಹೊರಡುವವರು ಅದನ್ನೇ ಮಾದರಿ ಎಂದುಕೊಳ್ಳುತ್ತಾರೆ. ಇಂಥ ಚಿತ್ರ ಅಚ್ಚು ಹಾಕುವಾಗ ಕೆಳಗೆ ಎರಡು ಸಾಲಿನ ಎಚ್ಚರಿಕೆಯನ್ನಾದರೂ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಆ ಎರಡು ಸಾಲಿನ ಹಿಂದೆ ಏನೇನಿದೆ ಎಂಬುದನ್ನೂ ಬರೆಯುತ್ತೇನೆ.

ಮೊದಲ ಕಾರಣ ನೆರೆ. ಹೊಳೆ ಏರಲು ಡೇರೆ ಇರುವ ಕಡೆಯೇ ಮಳೆ ಬೀಳಬೇಕೆಂದಿಲ್ಲ. ಮೇಲಿನ ಗುಡ್ಡಗಳಲ್ಲಿ ಸುರಿದರೆ ಸಾಕು, ಕೆಳಗೆ ಆಕಾಶ ತಿಳಿಯಾಗಿದ್ದರೂ ನೀರು ಬರುತ್ತದೆ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಆಲ್ಬರ್ಟ್ ಪೈಕ್ ಶಿಬಿರತಾಣದಲ್ಲಿ 2010ರ ಜೂನ್ 11ರ ನಸುಕಿಗೆ ಲಿಟಲ್ ಮಿಸೌರಿ ನದಿ ಕೆಲವೇ ಗಂಟೆಗಳಲ್ಲಿ ಸುಮಾರು 6 ಮೀಟರ್ ಏರಿತು. 20 ಮಂದಿ ಸತ್ತರು. ಸ್ಪೇನಿನ ಪಿರನೀಸ್ ಬೆಟ್ಟಗಳ ಬಿಯೆಸ್ಕಾಸ್ ಬಳಿ 1996ರ ಆಗಸ್ಟ್ 7ರಂದು ಸತ್ತವರು 87 ಮಂದಿ. ಅಲ್ಲಿ ಬೆಟ್ಟದ ತೊರೆಯೊಂದು ಕಣಿವೆಗೆ ಇಳಿಯುವಲ್ಲಿ ತಾನೇ ತಂದು ಹರಡಿದ ಕಲ್ಲುಮಣ್ಣಿನ ಮೇಲೆ ತಾಣವನ್ನು ಕಟ್ಟಿದ್ದರು. ಸಮತಟ್ಟಾದ, ಹುಲ್ಲು ಬೆಳೆದ, ಮರಗಳು ನಿಂತ ನೆಲ ಕಂಡರೆ ಮನಸ್ಸು ಒಪ್ಪಿಬಿಡುತ್ತದೆ. ಹೊಳೆಯ ಪಕ್ಕದಲ್ಲಿ ಎಷ್ಟೋ ಕಡೆ ಆ ನೆಲವನ್ನು ಸಮ ಮಾಡಿದ್ದೇ ಹಿಂದಿನ ನೆರೆಗಳು.

ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಹೊಳೆಯೇ ಗುರುತು ಮಾಡಿಟ್ಟಿರುತ್ತದೆ. ಪೊದೆಗಳ ಕವಲಿನಲ್ಲಿ ಸಿಕ್ಕಿಕೊಂಡ ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೂರು, ಕಾಂಡಗಳ ಮೇಲೆ ಒಣಗಿದ ಕೆಸರಿನ ಗೆರೆ, ಹರಿವಿನ ದಿಕ್ಕಿಗೇ ಬಾಗಿ ನಿಂತ ಗಿಡಗಳು. ಈ ಗುರುತು ಕೆಲವೊಮ್ಮೆ ತಲೆಯ ಮಟ್ಟಕ್ಕಿಂತ ಮೇಲಿರುತ್ತದೆ, ಹಾಗಾಗಿ ನೆಲವನ್ನಷ್ಟೇ ಹುಡುಕಿದರೆ ಸಾಲದು. ಡೇರೆ ಅದಕ್ಕಿಂತ ಎತ್ತರದಲ್ಲಿರಬೇಕು. ನೀರಿನಿಂದ 60 ಮೀಟರ್, ಅಂದರೆ ದೊಡ್ಡವರ ಎಂಬತ್ತು ಹೆಜ್ಜೆಯಷ್ಟು ದೂರ ಎಂಬ ನಿಯಮವನ್ನು ಹಲವರು ಕೇಳಿದ್ದಾರೆ. ಆ ಅಂತರ ಮುಖ್ಯವಾಗಿ ನೀರು ಕೆಡದಿರಲಿ, ಪ್ರಾಣಿಗಳು ಕುಡಿಯಲು ಬರುವ ದಾರಿ ತೆರೆದಿರಲಿ ಎಂದು ಇಟ್ಟದ್ದು. ನೆರೆಯಿಂದ ಕಾಪಾಡುವುದು ದೂರವಲ್ಲ, ಎತ್ತರ. ಹೊಳೆಯ ನಡುವಿನ ಮರಳುದಿಬ್ಬ, ಒಣಗಿದ ಹಳ್ಳದ ಪಾತ್ರ, ಎರಡು ತೊರೆ ಕೂಡುವ ಮೂಲೆ, ಇಲ್ಲಿ ಯಾವ ಋತುವಿನಲ್ಲೂ ಮಲಗಬಾರದು.

ಸಂಜೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು, ದಂಡೆಯ ಮೇಲಕ್ಕೆ ಒಂದು ಗೇಣು ಬಿಟ್ಟು ಇನ್ನೊಂದನ್ನು ನೆಡಿ. ಮಲಗುವ ಮೊದಲು ಟಾರ್ಚ್ ಹಾಕಿ ನೋಡಿ. ಮೊದಲ ಕಡ್ಡಿ ನೀರಿನೊಳಗೆ ಹೋಗಿದ್ದರೆ ಆಗಲೇ ಜಾಗ ಬದಲಿಸಿ, ಬೆಳಗಿನವರೆಗೆ ಕಾಯಬೇಡಿ. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿಗಳು ಒಮ್ಮೆಲೇ ಹೆಚ್ಚು ತೇಲಿಬರುವುದು, ತಳದಲ್ಲಿ ಕಲ್ಲು ಉರುಳುವ ದಪ್ಪ ಸದ್ದು, ಇವುಗಳಲ್ಲಿ ಒಂದು ಕಂಡರೂ ಸಾಮಾನನ್ನು ಅಲ್ಲೇ ಬಿಟ್ಟು ಗುಡ್ಡದ ಕಡೆಗೆ ಹತ್ತಬೇಕು. ಹೊಳೆಗುಂಟ ಇರುವ ರಸ್ತೆಯಲ್ಲಿ ಓಡುವುದು ತಪ್ಪು, ಆ ರಸ್ತೆಯೂ ಮುಳುಗುತ್ತದೆ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ನಿಂತವರನ್ನು ಬೀಳಿಸಬಲ್ಲದು. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಹರಿವಿನ ಭೋರ್ಗರೆತದಲ್ಲಿ ಸೈರನ್ ಕೇಳದೇ ಹೋಗಬಹುದು.

ಎರಡನೆಯದು ತಲೆಯ ಮೇಲಿನ ಮರ. ಒಣರೆಂಬೆ ಬೀಳಲು ಗಾಳಿ ಬೇಕಿಲ್ಲ. ಮಳೆನೀರು ಕುಡಿದು ಭಾರವಾಗಿ ನಿಶ್ಶಬ್ದ ರಾತ್ರಿಯಲ್ಲೂ ಬೀಳುತ್ತದೆ. ದಂಡೆಯ ಮರಗಳ ಬುಡದ ಮಣ್ಣನ್ನು ಹೊಳೆ ಕೆಳಗಿನಿಂದ ಕೊರೆದಿರುತ್ತದೆ. ಶಿಬಿರತಾಣದ ಮರಗಳಿಗೆ ಇನ್ನೂ ಒಂದು ತೊಂದರೆ ಇದೆ. ವರ್ಷಗಟ್ಟಲೆ ಜನ ತುಳಿದು ಬೇರಿನ ಮೇಲಿನ ಮಣ್ಣು ಗಟ್ಟಿಯಾಗಿ ಗಾಳಿ ನೀರು ಇಳಿಯುವುದಿಲ್ಲ, ಕಾಂಡಕ್ಕೆ ಬಿದ್ದ ಮಚ್ಚಿನ ಏಟಿನಿಂದ ಕೊಳೆತ ಒಳಹೊಕ್ಕಿರುತ್ತದೆ. ಎಲೆಯಿಲ್ಲದ ತುದಿ, ಸಿಪ್ಪೆ ಕಳಚಿದ ಕೊಂಬೆ, ಬುಡದಲ್ಲಿ ಎದ್ದ ಅಣಬೆ ಕಂಡರೆ ಆ ಮರದ ಎತ್ತರಕ್ಕಿಂತ ಹೆಚ್ಚು ದೂರ ಸರಿಯಿರಿ. ಗೂಟ ಹೊಡೆಯುವ ಮೊದಲು ನೆಲದ ಮೇಲೆ ಒಮ್ಮೆ ಮಲಗಿ ಮೇಲಕ್ಕೆ ನೋಡಿದರೆ ಇದೆಲ್ಲ ಒಂದು ನಿಮಿಷದ ಕೆಲಸ. ಬೆನ್ನಿಗೆ ಒತ್ತುವ ಬೇರು, ಕಲ್ಲುಗಳೂ ಆಗಲೇ ತಿಳಿಯುತ್ತವೆ.

ಮೂರನೆಯದು ತೇವ. ಇದರಿಂದ ಜೀವಾಪಾಯವಿಲ್ಲ, ಆದರೆ ಹೊಳೆಯಂಚಿನಲ್ಲಿ ಮಲಗಿದವರು ಬೆಳಿಗ್ಗೆ ಹೆಚ್ಚಾಗಿ ದೂರುವುದು ಇದನ್ನೇ. ರಾತ್ರಿ ತಂಪಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಮೊದಲೇ ನೀರಿನ ಪಸೆ. ಡೇರೆಯೊಳಗಿನ ಉಸಿರಿನ ಆವಿ ತಣ್ಣಗಾದ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ಒದ್ದೆಯಾಗಿದ್ದರೆ ಡೇರೆ ಸೋರಿತು ಎಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ವ್ಯತ್ಯಾಸ ಸುಲಭ. ಮೇಲ್ಹೊದಿಕೆಯ ಒಳಮೈ ಪೂರ್ತಿ ಒಂದೇ ಸಮನೆ ಬೆವರಿದ್ದರೆ ಅದು ಆವಿ. ಹೊಲಿಗೆಯ ಗುಂಟ ಮಾತ್ರ ಹನಿ ಸಾಲುಗಟ್ಟಿದ್ದರೆ ಅದು ಸೋರಿಕೆ, ಹೊಲಿಗೆಗೆ ಸೀಲರ್, ಅಂದರೆ ನೀರು ತಡೆಯುವ ಅಂಟು, ಹಚ್ಚಬೇಕು. ಆವಿಗೆ ಮದ್ದೆಂದರೆ ಗಾಳಿ: ಚಳಿಯೆಂದು ಗವಾಕ್ಷಿ ಮುಚ್ಚಬೇಡಿ, ಎದುರುಬದುರು ಎರಡನ್ನೂ ತೆರೆದಿಡಿ. ನೈಲಾನ್ ಹೊದಿಕೆ ನೀರು ಹೀರಿ ಹಿಗ್ಗಿ ಜೋತು ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಮಲಗುವ ಮೊದಲು ಹಗ್ಗಗಳನ್ನು ಮತ್ತೊಮ್ಮೆ ಬಿಗಿಯಿರಿ. ಪಾಲಿಯೆಸ್ಟರ್‌ಗೆ ಈ ಕಾಟ ಕಡಿಮೆ. ತಳದಿಂದ ತುಸು ಮೇಲೆ, ಆರೋಗ್ಯವಾದ ಮರಗಳ ನೆರಳಿಗೆ ಡೇರೆ ಸರಿಸಿದರೆ ಇಬ್ಬನಿಯೂ ಚಳಿಯೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತವೆ. ನೆಲದ ಬಿಸಿ ಬಯಲು ಆಕಾಶಕ್ಕೆ ಹೋಗುವುದನ್ನು ಮರದ ಚಪ್ಪರ ತಡೆಯುತ್ತದೆ.

ಡೇರೆಯ ಅಡಿಗೆ ಹಾಸುವ ಟಾರ್ಪಾಲಿನ ವಿಷಯದಲ್ಲಿ ಬಹಳ ಮಂದಿ ತಪ್ಪುತ್ತಾರೆ. ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಹೊರಗೆ ಚಾಚಿ ಹಾಸುತ್ತಾರೆ. ಮೇಲಿನಿಂದ ಇಳಿದ ಮಳೆನೀರು ಆ ಚಾಚಿದ ಅಂಚಿಗೆ ಬಿದ್ದು ಡೇರೆಯ ಅಡಿಗೇ ಹರಿದು ನಿಲ್ಲುತ್ತದೆ, ಮಲಗಿದವರ ಭಾರಕ್ಕೆ ತಳದ ಬಟ್ಟೆಯಿಂದ ಒಳಗೆ ಜಿನುಗುತ್ತದೆ. ಹಾಸು ಡೇರೆಯ ತಳಕ್ಕಿಂತ ಎಲ್ಲ ಕಡೆ 5 ಸೆಂಟಿಮೀಟರ್ ಚಿಕ್ಕದಿರಲಿ. ಹೆಚ್ಚಿದ್ದರೆ ಅಂಚನ್ನು ಕೆಳಮುಖವಾಗಿ ಒಳಕ್ಕೆ ಮಡಚಿ. ಮೇಲ್ಮುಖವಾಗಿ ಮಡಚಿದರೆ ಅದೇ ನೀರಿನ ತೊಟ್ಟಿಯಾಗುತ್ತದೆ. ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಬೇಕು. ಅದು ಬೇರು ಕತ್ತರಿಸಿ ಮಣ್ಣು ಕೊಚ್ಚಿಹೋಗಲು ದಾರಿ ಮಾಡುತ್ತದೆ. ಕಾಲುವೆ ಬೇಕೆನಿಸುವ ನೆಲ ಡೇರೆಗೆ ತಕ್ಕದ್ದೇ ಅಲ್ಲ.

ಮರಳು ನೆಲದಲ್ಲಿ ತಂತಿ ಗೂಟ ನಿಲ್ಲುವುದಿಲ್ಲ, ಎಷ್ಟು ಆಳ ಹೊಡೆದರೂ ಮೊದಲ ಜೋರುಗಾಳಿಗೆ ಕಿತ್ತು ಬರುತ್ತದೆ. ಅಂಥಲ್ಲಿ ಮೊಳದುದ್ದದ ಕಟ್ಟಿಗೆಯ ನಡುವಿಗೆ ಹಗ್ಗ ಕಟ್ಟಿ, 30 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಹಗ್ಗದ ಎಳೆತಕ್ಕೆ ಅಡ್ಡಲಾಗಿ ಮಲಗಿಸಿ, ಮರಳು ಮುಚ್ಚಿ ತುಳಿಯಿರಿ. ಹಗ್ಗ ಹೊರಬರುವ ಕಡೆ ಓರೆಯಾಗಿ ಸಣ್ಣ ಗೀರು ತೋಡಿಡಿ, ಇಲ್ಲವಾದರೆ ಎಳೆತ ನೇರ ಮೇಲಕ್ಕಾಗಿ ಕಟ್ಟಿಗೆ ಎದ್ದುಬರುತ್ತದೆ.

ಬೆಂಕಿಯ ಬಗ್ಗೆ ಎರಡೇ ಮಾತು. ಒಲೆಗೆ ಹೊಳೆಯ ಕಲ್ಲು ಬಳಸಬೇಡಿ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಆರುತ್ತಿರುವ ಕೆಂಡವನ್ನು ಚಳಿಗೆಂದು ಡೇರೆಯೊಳಗೆ ತರಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ ಕುಡಿಯಬೇಕು. ಶೌಚಾಲಯವಿಲ್ಲದ ಕಡೆ ಮಲಕ್ಕೆ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಅದೂ ನೀರಿನಿಂದ 60 ಮೀಟರ್ ಆಚೆ. ಸೋಪು ಯಾವುದೇ ಆಗಲಿ, ‘ನಿಸರ್ಗಸ್ನೇಹಿ’ ಎಂದು ಬರೆದದ್ದೂ, ಹೊಳೆಗೆ ಇಳಿಯಬಾರದು. ಅದು ಕರಗಿ ಒಡೆಯಲು ಮಣ್ಣು ಬೇಕು. ಪಾತ್ರೆಯನ್ನು ದಂಡೆಯಿಂದ ದೂರ ತೊಳೆದು ನೀರನ್ನು ಮಣ್ಣಿಗೆ ಚೆಲ್ಲಿ.

ಬಂದವರು ಇಷ್ಟೆಲ್ಲ ತಿಳಿದಿದ್ದರೂ, ತಾಣ ನಡೆಸುವವರು ಡೇರೆಯ ಕಟ್ಟೆಗಳನ್ನು ನೀರಿನಂಚಿಗೇ ಕಟ್ಟಿಟ್ಟರೆ ಅವರಿಗೆ ಆಯ್ಕೆಯೇ ಉಳಿಯುವುದಿಲ್ಲ. ತಗ್ಗಿನ ಜಾಗವನ್ನು ಹಗಲಿನ ಊಟ ಆಟಗಳಿಗೆ ಬಿಟ್ಟು ಮಲಗುವ ಜಾಗವನ್ನು ಮೇಲಿನ ಎತ್ತರದ ನೆಲಕ್ಕೆ ಒಯ್ಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹಿಂದಿನ ನೆರೆಯ ಮಟ್ಟವನ್ನು ಕಂಬದ ಮೇಲೆ ಬಣ್ಣದಲ್ಲಿ ಬರೆಯಬೇಕು, ಕತ್ತಲಲ್ಲಿ ಗುಡ್ಡ ಹತ್ತುವ ದಾರಿಗೆ ಬೆಳಕು ಹೊಳೆಯಿಸುವ ಪಟ್ಟಿ ಅಂಟಿಸಬೇಕು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಕೈಯಿಂದ ಬಾರಿಸುವ ಗಂಟೆ, ರಾತ್ರಿ ನೀರಿನ ಮೇಲೆ ಕಣ್ಣಿಡುವ ಒಬ್ಬ ಕಾವಲುಗಾರ ಇರಬೇಕು. ಮುಂಗಡ ಹಣ ಕೊಡುವ ಮೊದಲು ಓದುಗರು ಫೋನಿನಲ್ಲೇ ಕೇಳಲಿ: ಡೇರೆಯ ಜಾಗ ನೀರಿಗಿಂತ ಎಷ್ಟು ಎತ್ತರದಲ್ಲಿದೆ, ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು, ರಾತ್ರಿ ಎಬ್ಬಿಸುವವರು ಯಾರು. ಉತ್ತರ ತಡವರಿಸಿದರೆ ಬೇರೆ ತಾಣ ನೋಡಿಕೊಳ್ಳಲಿ.

ಇಂತಿ,
ಶಿಬಿರ ತರಬೇತುದಾರ ಓದುಗರೊಬ್ಬರು