ಉಬ್ಬುಶಿಲ್ಪದ ಫೋಟೊ ಕೆಳಗೆ ಎರಡು ಸಾಲು ಬರೆಯಿರಿ

ಸಂಪಾದಕರೇ,

ಹೋದ ತಿಂಗಳು ಒಂದು ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಎದುರಿನ ಗೋಡೆಯಲ್ಲಿ ದೊಡ್ಡದೊಂದು ಫೋಟೊ, ಚೆನ್ನಾಗಿ ಕಟ್ಟು ಹಾಕಿಸಿದ್ದು. ಸೋಮನಾಥಪುರದ ಕೇಶವ ದೇವಸ್ಥಾನದ ಹೊರಗೋಡೆಯ ಒಂದು ವಿಷ್ಣು. ನೋಡುತ್ತಾ ನೋಡುತ್ತಾ ಏನೋ ಸರಿಯಿಲ್ಲ ಅನ್ನಿಸಿತು. ಎದ್ದು ಹತ್ತಿರ ಹೋದೆ. ಪೀಠದ ಮೇಲೆ ನಾಲ್ಕೈದು ಅಕ್ಷರ ಕೆತ್ತಿದ್ದವು, ಒಂದೂ ಓದಲು ಬರಲಿಲ್ಲ. ಹಳೇ ಲಿಪಿ, ನನಗೆ ಗೊತ್ತಾಗುತ್ತಿಲ್ಲ ಅಷ್ಟೇ ಅಂದುಕೊಂಡೆ. ಆಮೇಲೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು, ಅದನ್ನು ಎಡಬಲ ತಿರುಗಿಸಿ ನೋಡಿದರೆ ‘ಮಲ್ಲಿತಮ್ಮ’ ಅಂತ ಶಿಲ್ಪಿಯ ಹೆಸರು ಸ್ಪಷ್ಟವಾಗಿ ಕಂಡಿತು. ಪ್ರಿಂಟ್ ಹಾಕುವಾಗ ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟಿದ್ದಾರೆ.

ಇದು ಸಣ್ಣ ತಪ್ಪಲ್ಲ. ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆ ಅನ್ನುವುದರ ಮೇಲೆಯೇ ಅದು ಕೇಶವನೋ, ನಾರಾಯಣನೋ, ಮಾಧವನೋ ಅಂತ ಗೊತ್ತಾಗುವುದು. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಿಗೆ ಹಂಚಲು ಇರುವುದೇ 24 ಬಗೆ, ಹಾಗಾಗಿಯೇ ಹೆಸರುಗಳೂ 24. ಎಡಬಲ ತಿರುಗಿಸಿದರೆ ದೇವರ ಹೆಸರೇ ಬದಲಾಗುತ್ತದೆ! ಅಲ್ಲಿನವರಿಗೆ ಹೇಳಿದೆ. ‘ಗೋಡೆಗೆ ಒಪ್ಪುತ್ತೆ ಅಲ್ವಾ, ಯಾರು ಅಷ್ಟೊಂದು ನೋಡ್ತಾರೆ’ ಅಂದರು.

ನಾನು ನೋಡುತ್ತೇನೆ. ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಸೋಮನಾಥಪುರದ ಗುಡಿ 1258ರದ್ದು. ಆ ಕಾಲದಲ್ಲೇ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ತನ್ನ ಹೆಸರು ಬರೆದು ಹೋಗಿದ್ದಾನೆ. ಇವತ್ತಿನ ಫ್ರೇಮಿನಲ್ಲಿ ಊರಿನ ಹೆಸರಿಲ್ಲ, ಕಾಲ ಇಲ್ಲ, ಫೋಟೊ ತೆಗೆದವರು ಯಾರು ಅಂತಲೂ ಇಲ್ಲ. ಇದ್ದ ಒಂದೇ ಹೆಸರೂ ಉಲ್ಟಾ.

ಫೋಟೊ ಅಂದರೆ ಸುಮ್ನೆ ಅಲಂಕಾರ ಅಲ್ಲ. ಜಾವಾದ ಬೊರೊಬುದೂರ್ ಸ್ತೂಪವನ್ನೇ ನೋಡಿ. ಅದರ ಬುಡದಲ್ಲಿ 160 ಉಬ್ಬುಶಿಲ್ಪಗಳು ಕಲ್ಲಿನ ಹೊದಿಕೆಯ ಹಿಂದೆ ಮುಚ್ಚಿಹೋಗಿದ್ದವು. ಅವು ಇವೆ ಅಂತ ಗೊತ್ತಾಗಿದ್ದೇ 1885ರಲ್ಲಿ. 1890–91ರಲ್ಲಿ ಹೊದಿಕೆಯ ಕಲ್ಲು ತೆಗೆಸಿ, ಜಾವಾದವರೇ ಆದ ಕ್ಯಾಸಿಯನ್ ಸೆಫಾಸ್ ಎಲ್ಲವನ್ನೂ ಫೋಟೊ ಹಿಡಿದರು, ಆಮೇಲೆ ಮತ್ತೆ ಮುಚ್ಚಿದರು. ಈಗ ಒಂದು ಮೂಲೆಯಲ್ಲಿ ಕೆಲವು ಮಾತ್ರ ಕಾಣುತ್ತವೆ. ಉಳಿದವನ್ನು ನೋಡಬೇಕೆಂದರೆ ಆ ಫೋಟೊಗಳೇ ಗತಿ. ಅವುಗಳಲ್ಲಿ ಒಂದನ್ನು ಯಾರಾದರೂ ತಿರುಗಿಸಿ ಅಚ್ಚು ಹಾಕಿದ್ದರೆ, ಸರಿಯೋ ತಪ್ಪೋ ಅಂತ ಹೋಗಿ ನೋಡಲು ಕಲ್ಲೂ ಕಣ್ಣಿಗೆ ಸಿಗುವುದಿಲ್ಲ.

ಬೆಳಕಿನ ವಿಷಯವೂ ಹೇಳಬೇಕು. ಉಬ್ಬುಶಿಲ್ಪ ಬದುಕುವುದೇ ನೆರಳಿನಿಂದ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ನೆರಳೆಲ್ಲ ಅಳಿಸಿಹೋಗಿ ಕಲ್ಲು ಚಪ್ಪಟೆ ಕಾಣುತ್ತದೆ, ಬೆರಳಿನ ಗೆಣ್ಣು, ಸರದ ಮಣಿ ಎಲ್ಲಾ ಮಾಯ. ಪಕ್ಕದಿಂದ ಓರೆಯಾಗಿ ಬಿಸಿಲು ಬೀಳುವ ಹೊತ್ತಿಗೆ ಅದೇ ಮಣಿಗಳು ಒಂದೊಂದೇ ಎದ್ದು ಬರುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣಿಗೆ ರೂಢಿ, ಹಾಗಾಗಿ ಕೆಳಗಿನಿಂದ ದೀಪ ಹಾಕಿ ತೆಗೆದ ಚಿತ್ರದಲ್ಲಿ ಎಷ್ಟೋ ಸಲ ಉಬ್ಬು ಇರುವ ಕಡೆ ತಗ್ಗು ಕಂಡಂತಾಗುತ್ತದೆ. ಹೊತ್ತು ಕಾದು ಒಳ್ಳೆಯ ಫೋಟೊ ತೆಗೆಯುವವರಿಗೆ ಹೆಸರು ಹಾಕದಿದ್ದರೆ ಹೇಗೆ?

ಇನ್ನು ಕತ್ತರಿ. ಈಗಿನ ಇರಾಕ್‌ನಲ್ಲಿರುವ ಹಳೇ ಅಸಿರಿಯಾದ ರಾಜಧಾನಿ ನಿನೆವೆಯ ಅರಮನೆಯ ಸಾಯುತ್ತಿರುವ ಸಿಂಹಿಣಿಯ ಉಬ್ಬುಶಿಲ್ಪ, ಸುಮಾರು ಕ್ರಿ.ಪೂ. 645ರದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೆನ್ನಿಗೆ ಬಾಣ ನೆಟ್ಟು, ಹಿಂಗಾಲು ಎಳೆದುಕೊಂಡು, ಇನ್ನೂ ಗರ್ಜಿಸುತ್ತಿರುವ ಆ ಪ್ರಾಣಿಯನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಆದರೆ ಅದು ಅಶುರ್‌ಬನಿಪಾಲ್ ರಾಜನ ಬೇಟೆಯನ್ನು ತೋರಿಸುವ ಉದ್ದನೆಯ ಸಾಲಿನ ಒಂದು ತುಣುಕು ಮಾತ್ರ. ಸಿಂಹಿಣಿಯನ್ನಷ್ಟೇ ಕತ್ತರಿಸಿ ತೂಗುಹಾಕಿದಾಗ, ಬಾಣ ಬಿಟ್ಟ ರಾಜ ಕಾಣಿಸುವುದೇ ಇಲ್ಲ. ಕತ್ತರಿಸಬೇಡಿ ಅಂತ ನಾನು ಹೇಳುತ್ತಿಲ್ಲ, ಇದು ಒಂದು ಭಾಗ ಅಂತ ಬರೆಯಿರಿ ಅಷ್ಟೇ.

ಪ್ರಿಂಟ್ ಹಾಕುವವರು, ಕಟ್ಟು ಹಾಕುವವರು, ಗೋಡೆಗೆ ತೂಗುಹಾಕುವವರು ಎಲ್ಲರಲ್ಲೂ ನನ್ನ ಕೋರಿಕೆ ಒಂದೇ. ಸ್ಥಳ, ಕಾಲ, ಕಲ್ಲಿನ ನಿಜವಾದ ಅಳತೆ, ಫೋಟೊ ತೆಗೆದವರ ಹೆಸರು, ಇಷ್ಟನ್ನು ಚಿತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿ. ಹಾಗೇ ಗಾಜು ಪ್ರಿಂಟಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಿ, ಇಲ್ಲದಿದ್ದರೆ ತೇವಕ್ಕೆ ಎರಡೂ ಅಂಟಿಕೊಂಡು ಚಿತ್ರ ಹಾಳಾಗುತ್ತದೆ.

ಪತ್ರಿಕೆಗಳಿಗೂ ಇದೇ ಮಾತು. ಶಿಲ್ಪದ ಚಿತ್ರದ ಕೆಳಗೆ ಬರೀ ‘ಸಂಗ್ರಹ ಚಿತ್ರ’ ಅಂತ ಹಾಕಿ ಮುಗಿಸಬೇಡಿ. ಅದು ಯಾವ ಗುಡಿಯ ಯಾವ ಗೋಡೆ ಅಂತ ಬರೆದರೆ, ಅಲ್ಲಿಗೆ ಹೋದಾಗ ನಾವೇ ಹುಡುಕಿ ನೋಡುತ್ತೇವೆ.

ಇಂತಿ,
ಒಬ್ಬ ಓದುಗ