ವಿಷಯ: ಎರಡು ಸಲವೂ ತಪ್ಪು ಆಯಿಲ್ ಪ್ರೆಶರ್ ಸೆಂಡರ್ ಕಳಿಸಿದ ಬಗ್ಗೆ ದೂರು

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಗಿ ಬರೆಯುತ್ತಿದ್ದೇನೆ. ಎರಡು ಗೇಜು, ಎಂಜಿನ್‌ಗೆ ಕೂತು ಅವಕ್ಕೆ ಅಳತೆ ಕಳಿಸುವ ಎರಡು ಸೆಂಡರ್, ಇಷ್ಟಕ್ಕೆ ನಿಮಗೆ 7,400 ರೂಪಾಯಿ ಕೊಟ್ಟಿದ್ದೇನೆ. ಕಾರು ನಮ್ಮ ಅಪ್ಪನದು, 1968ರ ಫೋಕ್ಸ್‌ವ್ಯಾಗನ್ ಬೀಟಲ್. ಆರ್ಡರ್ ಕೊಡುವಾಗಲೇ ಇದನ್ನು ಬರೆದಿದ್ದೆ.

ಟೆಂಪರೇಚರ್ ಸೆಂಡರ್ ಸರಿ ಇದೆ. ಪ್ರೆಶರ್ ಸೆಂಡರ್‌ದೇ ತೊಂದರೆ. ಮೊದಲು ಬಂದದ್ದರ ಥ್ರೆಡ್ ಬೇರೆ. ಬೇಕಿದ್ದದ್ದು ಮಿಲಿಮೀಟರ್ ಲೆಕ್ಕದ ಎಂ10, ಬಂದದ್ದು ಇಂಚಿನ ಲೆಕ್ಕದ ಅಮೆರಿಕನ್ ಪೈಪ್ ಥ್ರೆಡ್, 1/8 ಎನ್‌ಪಿಟಿ. ಕಣ್ಣಿಗೆ ಎರಡೂ ಒಂದೇ ಥರ. ಒಂದೆರಡು ಸುತ್ತು ಹೋಗಿ ಬಿಗಿಯಾಯಿತು. ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ ಅಲ್ಲಿಗೇ ನಿಲ್ಲಿಸಿದರು. ಎಂಜಿನ್ ಕೇಸ್ ಮೆಗ್ನೀಷಿಯಂನದು. ಜೋರು ಮಾಡಿದ್ದರೆ ಬಿರುಕು ಬಿಡುತ್ತಿತ್ತು.

ಬದಲಿ ಸೆಂಡರ್ ಸರಿಯಾಗಿ ಕೂತಿತು. ಆದರೆ ಕೀ ತಿರುಗಿಸಿದ ಕೂಡಲೇ, ಎಂಜಿನ್ ಸ್ಟಾರ್ಟ್ ಆಗುವ ಮೊದಲೇ, ಮುಳ್ಳು ಕೊನೆಗೆ ಹೋಗಿ ನಿಂತಿತು. ಸ್ಟಾರ್ಟ್ ಮಾಡಿದರೆ ಕೆಳಗಿಳಿಯಿತು. ಮಲ್ಟಿಮೀಟರ್ ಹಿಡಿದು ನೋಡಿದೆವು. ನಿಂತ ಎಂಜಿನ್‌ಗೆ ಸೆಂಡರ್‌ನ ರೆಸಿಸ್ಟೆನ್ಸ್ 240 ಓಮ್! ನೀವೇ ಕೊಟ್ಟ ಗೇಜು 10ರಿಂದ 180 ಓಮ್‌ನದು. ಸೊನ್ನೆ ಪ್ರೆಶರ್‌ಗೆ 10 ಇರಬೇಕು, ಪ್ರೆಶರ್ ಏರಿದಂತೆ ಅದೂ ಏರಬೇಕು. ಕಳಿಸಿದ್ದು 240ರಿಂದ 33ಕ್ಕೆ ಇಳಿಯುವ ಅಮೆರಿಕನ್ ಲೆಕ್ಕದ ಸೆಂಡರ್. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಆ ಶನಿವಾರ ವರ್ಕ್‌ಶಾಪಿನಿಂದಲೇ ಫೋನ್ ಮಾಡಿದೆ. ಸ್ಪೀಕರ್ ಆನ್ ಇತ್ತು. ಮೆಕ್ಯಾನಿಕ್, ಅವರ ಹುಡುಗರು, ಜೀಪ್ ರಿಪೇರಿಗೆ ಬಂದಿದ್ದ ಇಬ್ಬರು, ಎಲ್ಲರೂ ಸುತ್ತ ನಿಂತಿದ್ದರು. ನಾನು ಓಮ್ ಲೆಕ್ಕ ಹೇಳಿದೆ. "ಮೊದಲು ರೇಡಿಯೇಟರ್‌ನಲ್ಲಿ ನೀರಿದೆಯಾ ನೋಡಿ ಸಾರ್" ಅಂದರು ನಿಮ್ಮವರು. ಇದು ಏರ್‌ಕೂಲ್ಡ್, ಗಾಳಿಯಿಂದ ತಣಿಯುವ ಎಂಜಿನ್, ರೇಡಿಯೇಟರೇ ಇಲ್ಲ ಅಂದೆ. "ರೇಡಿಯೇಟರ್ ಇಲ್ಲದ ಕಾರಂತೆ!" ಅಂತ ಪಕ್ಕದವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಇಬ್ಬರೂ ನಕ್ಕರು. ಆಮೇಲೆ ನನ್ನ ವಯಸ್ಸು ಕೇಳಿದರು. 62 ಅಂದೆ. "ಮಗ ಇದ್ದರೆ ಅವರ ಕೈಗೆ ಕೊಡಿ ಸಾರ್, ಅವರಿಗೆ ಅರ್ಥ ಆಗುತ್ತೆ." 40 ವರ್ಷದಿಂದ ಆ ಎಂಜಿನ್‌ನ ವಾಲ್ವ್ ಸೆಟ್ ಮಾಡುತ್ತಿರುವವನು ನಾನು. ಮೆಕ್ಯಾನಿಕ್ ನನ್ನ ಮುಖ ನೋಡಲಾಗದೆ ಸ್ಪ್ಯಾನರ್ ಒರೆಸುತ್ತಾ ನಿಂತರು. ಸಂಜೆ ನಿಮ್ಮಿಂದ ಮೆಸೇಜು: ದೂರು ಬಗೆಹರಿದಿದೆ.

ಈ ಗೇಜು ನಾನು ಅಂದಕ್ಕೆ ಹಾಕಿಸಿದ್ದಲ್ಲ. ಈ ಎಂಜಿನ್‌ನಲ್ಲಿರುವುದು ಎರಡೂವರೆ ಲೀಟರ್ ಆಯಿಲ್ ಅಷ್ಟೇ. ಗಾಳಿಯ ಜೊತೆ ಅದೂ ಎಂಜಿನ್‌ನ ಬಿಸಿ ಹೊತ್ತೊಯ್ಯಬೇಕು. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಆಯಿಲ್ ಕಾದು ತೆಳ್ಳಗಾಗುತ್ತದೆ, ಪ್ರೆಶರ್ ಇಳಿಯುತ್ತದೆ. ಆಗ ನಿಮ್ಮ ಮುಳ್ಳು ಮೇಲೇರುತ್ತದೆ! ಅದನ್ನು ನಂಬಿ ಓಡಿಸಿ ಎಂಜಿನ್ ಜಾಮ್ ಆದರೆ ಯಾರು ಹೊಣೆ?

ತಪ್ಪು ಸಾಮಾನಿನ ಬಗ್ಗೆ ನಿಮ್ಮ ಬಿಲ್ಲಿನ ಹಿಂದಿರುವ ನಿಯಮ ನಿಮಗೇ ಗೊತ್ತು. ನನಗೆ ಇನ್ನೊಂದು ಸೆಂಡರ್ ಬೇಡ. 7 ದಿನದೊಳಗೆ ಪೂರ್ತಿ ಹಣ ಬರಬೇಕು. ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಎರಡೂ ಸೆಂಡರ್, ಮಲ್ಟಿಮೀಟರ್ ಫೋಟೊ, ಆ ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇವೆ. ಹಣ ಬಂದು, ಆ ಮಾತಿಗೆ ಬರಹದಲ್ಲಿ ಕ್ಷಮೆ ಬರದಿದ್ದರೂ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಗೋಣಿಕೊಪ್ಪ, ಕೊಡಗು